ಊರಿಗೊಬ್ಬನೇ ಜಾನ್ ಮಿಲ್ಲರ್ ಇರಲಿಲ್ಲ

ಪೂರ್ವಜರನ್ನು ಹುಡುಕಿಕೊಡಿ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ವಂಶವೃಕ್ಷ ಸಿದ್ಧ ಮಾಡಿಕೊಂಡೇ ಬಂದಿರುತ್ತಾರೆ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು, ಮುತ್ತಜ್ಜನ ಹೆಸರು ಟೈಪ್ ಮಾಡಿ, ಅಮೆರಿಕದ ಓಹಾಯೊ ರಾಜ್ಯದ 1850ರ ಜನಗಣತಿಯಲ್ಲಿ ಆ ಹೆಸರು ಕಂಡ ಕೂಡಲೇ 'ಸಿಕ್ಕಿಬಿಟ್ಟ' ಅಂತ ಗಂಟು ಹಾಕಿರುತ್ತಾರೆ. ಅಲ್ಲಿಂದ ಹಿಂದಕ್ಕೆ ಇನ್ಯಾರೋ ಮಾಡಿಟ್ಟಿದ್ದನ್ನು ಕಾಪಿ ಮಾಡುತ್ತಾ ಹೋದರೆ ಬೆಳಗಾಗುವಷ್ಟರಲ್ಲಿ ಇಂಗ್ಲೆಂಡಿನ ಯಾವುದೋ ಅರಮನೆ. ಆ ಗಂಟು ಬಿಚ್ಚುವುದು ನನ್ನ ಪಾಲಿನ ಕೆಲಸ. ದುಡ್ಡು ಕೊಟ್ಟು ತಾತನನ್ನು ಕಳೆದುಕೊಳ್ಳೋದು ಯಾರಿಗೆ ಇಷ್ಟ ಹೇಳಿ?

ಉದಾಹರಣೆಗೆ ಜಾನ್ ಮಿಲ್ಲರ್ ಅಂತ ಒಬ್ಬ ರೈತ ಎಂದಿಟ್ಟುಕೊಳ್ಳಿ. ಊರಿಗೊಬ್ಬಳೇ ಪದ್ಮಾವತಿ ಇರಬಹುದು, ಜಾನ್ ಮಿಲ್ಲರ್ ಮಾತ್ರ ಊರಿಗೊಬ್ಬನೇ ಇರಲಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಮಾತ್ರ ಅಲ್ಲ, ಅಲ್ಲಿನ ರೈತರ ಮನೆಗಳಲ್ಲೂ ಇತ್ತು. ಮೂವರು ಅಣ್ಣತಮ್ಮಂದಿರು ತಮ್ಮ ತಮ್ಮ ಮಗನಿಗೆ ಅಪ್ಪನ ಹೆಸರಿಟ್ಟರೆ ಒಂದೇ ಊರಲ್ಲಿ, ಒಂದೆರಡು ವರ್ಷದ ಅಂತರದಲ್ಲಿ ಮೂವರು ಜಾನ್ ಮಿಲ್ಲರ್. ಅವರಲ್ಲಿ ಇಬ್ಬರ ಹೆಂಡತಿಯರೂ ಎಲಿಜಬೆತ್ ಆದರೆ ಆಶ್ಚರ್ಯ ಏನಿಲ್ಲ. ಕಾಗದದಲ್ಲಿ ಸೀನಿಯರ್, ಜೂನಿಯರ್ ಅಂತ ಕಂಡರೆ ಅಪ್ಪ-ಮಗ ಅಂದುಕೊಳ್ಳಬೇಡಿ. ಆಗಿನ ಗುಮಾಸ್ತ ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು ಯಾರು, ಚಿಕ್ಕವನು ಯಾರು ಅಂತ ಗುರುತಿಗೆ ಹಾಗೆ ಬರೆಯುತ್ತಿದ್ದ. ಅವರು ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ದೊಡ್ಡವನು ತೀರಿಕೊಂಡರೆ ಜೂನಿಯರ್‌ಗೇ ಸೀನಿಯರ್ ಪಟ್ಟ!

ಜನಗಣತಿ ಇದನ್ನೆಲ್ಲ ಬಿಡಿಸಿ ಹೇಳೋದಿಲ್ಲ. 1850ಕ್ಕೆ ಮೊದಲು ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತಿತ್ತು. 1850ರಲ್ಲಿ ಗುಲಾಮರನ್ನು ಬಿಟ್ಟು ಎಲ್ಲರ ಹೆಸರು ಬಂತು, ಆದರೆ ಯಾರು ಯಾರಿಗೆ ಏನಾಗಬೇಕು ಅಂತ ಬರೆದದ್ದು 1880ರಿಂದ. ಅಲ್ಲಿಯವರೆಗೆ ಮನೆಯಲ್ಲಿದ್ದ ಹದಿನಾರರ ಹುಡುಗ ಮಗನೋ, ತಮ್ಮನ ಮಗನೋ, ಕೂಲಿಯಾಳೋ ಊಹೆಯೇ ಗತಿ. 1890ರದ್ದನ್ನು ಕೇಳಲೇಬೇಡಿ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹಾಳಾಯಿತು, ಉಳಿದದ್ದು ತೀರಾ ಚೂರುಪಾರು.

ಹಾಗಾಗಿ ನನ್ನ ಹತ್ತಿರ ಬಂದವರಿಗೆಲ್ಲ ಹೇಳೋದು ಒಂದೇ: ಹೆಸರು ಹಿಡಿದು ಹೋಗಬೇಡಿ, ಜಮೀನು ಹಿಡಿದು ಹೋಗಿ. ಒಂದೇ ಹೆಸರು ಹತ್ತು ಜನಕ್ಕೆ ಇರುತ್ತೆ, ಒಂದೇ ಹೊಲ ಹತ್ತು ಜನದ್ದಾಗಿರೋದು ಅಪರೂಪ. ಓಹಾಯೊದ ಬಹುಭಾಗದಲ್ಲಿ, ಅಲ್ಲಿಂದ ಪಶ್ಚಿಮಕ್ಕೆ ಬಹುಪಾಲು ಎಲ್ಲ ಕಡೆ ಭೂಮಿಯನ್ನು ಚೌಕ ಚೌಕವಾಗಿ ಅಳೆದಿದ್ದರು. ಒಂದು ಸೆಕ್ಷನ್ ಅಂದರೆ 640 ಎಕರೆ, ಅದರ ಕಾಲು ಭಾಗ 160. 'ಹದಿನಾಲ್ಕನೇ ಸೆಕ್ಷನ್ನಿನ ವಾಯವ್ಯ ಕಾಲು' ಅಂತ ಕ್ರಯಪತ್ರದಲ್ಲಿದ್ದರೆ ಅದು ನಮ್ಮ ಸರ್ವೆ ನಂಬರ್ ಇದ್ದ ಹಾಗೆ. ಪೂರ್ವದ ಹಳೇ ರಾಜ್ಯಗಳಲ್ಲಿ ಚಕ್ಕುಬಂದಿ ಬರೆಯುತ್ತಿದ್ದರು, ಅಲ್ಲಿ ಅಕ್ಕಪಕ್ಕದವರ ಹೆಸರೂ ಸಿಗುತ್ತೆ. ಆ ಅಕ್ಕಪಕ್ಕದವರನ್ನು ಬಿಡಬೇಡಿ. ಪೆನ್ಸಿಲ್ವೇನಿಯಾದಿಂದ ಓಹಾಯೊಗೆ, ಓಹಾಯೊದಿಂದ ಅಯೋವಾಕ್ಕೆ ಎಷ್ಟೋ ರೈತರು ನೆಂಟರಿಷ್ಟರು, ನೆರೆಹೊರೆಯವರ ಜೊತೆ ಗುಂಪಾಗಿ ಹೋದವರು.

ಇಲ್ಲಿನ ಕನ್ನಡದ ಮನೆಯೊಂದರ ಅಳಿಯ ಅಮೆರಿಕನ್. ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಅಂತ ಅವನ ಕಡೆಯ ವಂಶವೃಕ್ಷ ಮಾಡಿದ್ದು ಅತ್ತೆ! ನಾನು ತಲೆ ಅಲ್ಲಾಡಿಸಿದಾಗ ಅವರಿಗೆ ಸಿಟ್ಟೇ ಬಂತು. "ಹೆಸರು ಅದೇ, ಊರು ಅದೇ, ಹೆಂಡತಿ ಹೆಸರೂ ಅದೇ. ಇನ್ನೇನು ಬೇಕಮ್ಮಾ ನಿನಗೆ? ಇಂಟರ್‌ನೆಟ್ಟಲ್ಲಿ ಅಷ್ಟು ಜನ ಹಾಗೇ ಬರೆದಿದಾರೆ." ಅಷ್ಟು ಜನವೂ ಒಬ್ಬರಿಂದಲೇ ಕಾಪಿ ಹೊಡೆದಿದ್ದರು. 1850ರಿಂದ 1880ರವರೆಗೆ ಗಣತಿಯ ಜೊತೆ ಬೇಸಾಯದ ಪಟ್ಟಿಯೂ ಇತ್ತು: ಎಷ್ಟು ಎಕರೆ ಉಳುಮೆ, ಎಷ್ಟು ಕುದುರೆ, ಕರೆಯುವ ಹಸು, ಕುರಿ, ಎಷ್ಟು ಪೌಂಡ್ ಬೆಣ್ಣೆ. ಅದನ್ನು ತೆಗೆದು ತೋರಿಸಿದೆ. ಆ ಊರಲ್ಲಿದ್ದ ಇಬ್ಬರು ಜಾನ್‌ಗಳಲ್ಲಿ ಒಬ್ಬನಿಗೆ ಒಂದು ಮಂದೆ ಕುರಿ, ಇನ್ನೊಬ್ಬನ ಸಾಲಿನಲ್ಲಿ ಕುರಿಯ ಜಾಗ ಖಾಲಿ. ಅಳಿಯನ ಮನೆಯಲ್ಲಿ ತಲೆತಲಾಂತರದಿಂದ ಬಂದ ಮಾತು ಅಂದರೆ ಕುರಿ ಉಣ್ಣೆಯದ್ದೇ. ಇವರು ಗಂಟು ಹಾಕಿದ್ದು ಕುರಿ ಇಲ್ಲದವನಿಗೆ. ಕುರಿ ಸಾಕ್ಷಿ ಅಲ್ಲ, ಸುಳಿವು ಅಷ್ಟೇ. ಹಾಗಾಗಿ ಕುರಿಯವನ ಹೊಲ ಮುಂದೆ ಯಾರ ಕೈಗೆ ಹೋಯಿತು ಅಂತ ನೋಡಿದೆ. ಅವನು ಸತ್ತ ಮೇಲೆ ಮಕ್ಕಳು ಮಾಡಿಕೊಟ್ಟ ಕ್ರಯಪತ್ರದಲ್ಲಿ ಮದುವೆಯಾದ ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲರ ಹೆಸರಿತ್ತು, ಅಯೋವಾಕ್ಕೆ ಹೋಗಿದ್ದ ಮಗನದ್ದೂ. ಆ ಮಗನೇ ಈ ಅಮೆರಿಕನ್ ಅಳಿಯನ ಮುತ್ತಜ್ಜನ ಅಪ್ಪ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ರಾಜಮನೆತನ ಹೋಯ್ತಾ?" ಅಂದರು.

ಎಲ್ಲರಿಗೂ ಇದು ಹೀಗೇ ನಡೆಯುತ್ತೆ ಅಂತ ಮಾತು ಕೊಡಲಾರೆ. ಗೇಣಿಗೆ ಉಳುತ್ತಿದ್ದವನಿಗೆ ಕ್ರಯಪತ್ರ ಎಲ್ಲಿಂದ ಬರಬೇಕು? ಅಂಥವರನ್ನು ದನಕರುಗಳ ತೆರಿಗೆ ಪಟ್ಟಿಯಲ್ಲಿ ಹುಡುಕಬೇಕಾಗುತ್ತೆ. ದಕ್ಷಿಣದಲ್ಲಿ ಗುಲಾಮಗಿರಿಯಿಂದ ಹೊರಬಂದವರಲ್ಲಿ ಹೆಚ್ಚಿನವರ ಹೆಸರು ಗಣತಿಗೆ ಬಂದದ್ದೇ 1870ರಲ್ಲಿ, ಅವರ ದಾರಿಯೇ ಬೇರೆ. ಸರ್ಕಾರಿ ಜಮೀನಿನಲ್ಲಿ ನೆಲೆಸಿ ಉತ್ತವನಿಗೆ ಅದನ್ನು ಬಿಟ್ಟುಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಪಡೆದವನಾದರೆ ಮಾತ್ರ ನಿಮ್ಮ ಅದೃಷ್ಟ. ಐದು ವರ್ಷ ಅಲ್ಲೇ ಇದ್ದು ಉತ್ತಿದ್ದೇನೆ ಅಂತ ನೆರೆಯವರಿಂದ ಸಾಕ್ಷಿ ಹೇಳಿಸಬೇಕಿತ್ತು, ಆ ಕಡತ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತೆ.

ಇನ್ನು ಮನೆಯ ಬೈಬಲ್. ಹುಟ್ಟು, ಮದುವೆ, ಸಾವು ಬರೆದ ಪುಟದ ಫೋಟೊ ಮಾತ್ರ ಕಳಿಸಬೇಡಿ, ಅಚ್ಚಾದ ವರ್ಷ ಇರುವ ಮೊದಲ ಪುಟದ್ದೂ ಕಳಿಸಿ. 1872ರಲ್ಲಿ ಅಚ್ಚಾದ ಪುಸ್ತಕದಲ್ಲಿ 1818ರಿಂದ ಹುಟ್ಟಿದವರೆಲ್ಲ ಒಂದೇ ಕೈ, ಒಂದೇ ಶಾಯಿಯಲ್ಲಿದ್ದರೆ ಅದು ಯಾರೋ ಒಂದು ದಿನ ಕೂತು ನೆನಪಿನಿಂದಲೋ ಹಳೇ ಚೀಟಿ ನೋಡಿಯೋ ಬರೆದದ್ದು. ಸಾಲಿಗೊಂದು ಶಾಯಿ, ಅಕ್ಷರ ಒಮ್ಮೆ ದಪ್ಪ ಒಮ್ಮೆ ನಡುಕ ಇದ್ದರೆ ನನಗೆ ಜಾಸ್ತಿ ನಂಬಿಕೆ. ಪುಟ ಕತ್ತರಿಸಿದ ಗುರುತು ಇದ್ದರೆ ಅದನ್ನೂ ಮುಚ್ಚಿಡಬೇಡಿ. ಸೈನಿಕನ ವಿಧವೆ ಪೆನ್ಷನ್‌ಗೆ ಅರ್ಜಿ ಹಾಕುವಾಗ ಮದುವೆಯ ದಾಖಲೆ ಅಂತ ಬೈಬಲ್ ಪುಟವನ್ನೇ ಕಿತ್ತು ಕಳಿಸಿದ್ದು ಉಂಟು. ಅದು ಇವತ್ತಿಗೂ ಆಕೆಯ ಪೆನ್ಷನ್ ಕಡತದಲ್ಲೇ ಇರಬಹುದು, ನಾನು ಮೊದಲು ತರಿಸಿಕೊಳ್ಳೋದು ಅದನ್ನೇ.