ಬಣ್ಣದ ಜಾಗದಲ್ಲಿ ಕುಂಕುಮ, ಸಕ್ಕರೆ, ಸಿಡಿಮದ್ದು: ಸಮಕಾಲೀನ ಕಲೆಯ ಸಾಮಗ್ರಿಗಳ ಕುರಿತು ಅಧ್ಯಯನ ಟಿಪ್ಪಣಿ

ಗ್ಯಾಲರಿಯಲ್ಲಿ ಕೃತಿಯ ಪಕ್ಕ ಅಂಟಿಸಿರುವ ಚೀಟಿಯಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ ಇವುಗಳ ಬಳಿಕ ಸಾಮಗ್ರಿಯನ್ನು ಹೇಳುವ ಒಂದು ಸಾಲು ಇರುತ್ತದೆ. 'ಕ್ಯಾನ್ವಾಸಿನ ಮೇಲೆ ತೈಲವರ್ಣ' ಎಂದಷ್ಟೇ ಇರುವಲ್ಲಿ ಆ ಸಾಲನ್ನು ಓದದೆ ಮುಂದೆ ಹೋದರೂ ದೊಡ್ಡ ನಷ್ಟವಿಲ್ಲ. ಆದರೆ ಕಳೆದ ಮೂರು ನಾಲ್ಕು ದಶಕಗಳ ಕಲೆಯನ್ನು ಅಭ್ಯಾಸ ಮಾಡುವವರು ಆ ಸಾಲಿನಿಂದಲೇ ಓದು ಆರಂಭಿಸಬೇಕಾಗುತ್ತದೆ. ಏಕೆಂದರೆ ಅಲ್ಲಿ ಕುಂಕುಮ, ತಲೆಗೂದಲು, ಸೆಗಣಿ, ಸಕ್ಕರೆ, ಬಾಟಲಿಯ ಮುಚ್ಚಳ, ಸಿಡಿಮದ್ದು, ಹೂವಿನ ಪರಾಗ ಹೀಗೆ ಕೃತಿಗೆ ಬರುವ ಮೊದಲೇ ತಮ್ಮದೊಂದು ಬದುಕನ್ನು ಬದುಕಿ ಬಂದ ವಸ್ತುಗಳ ಹೆಸರುಗಳಿರುತ್ತವೆ. ಇಂಥ ಕೃತಿಗಳನ್ನು ತೂಗಿ ನೋಡಲು ನಾನು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದೇನೆ: ಇದೇ ಆಕೃತಿಯನ್ನು ತೈಲವರ್ಣದಲ್ಲಿ ಬರೆದಿದ್ದರೆ ಏನು ಕಳೆದುಹೋಗುತ್ತಿತ್ತು? ಬೆರಗು ಮಾತ್ರ ಕಳೆದುಹೋಗುವುದಾದರೆ ಅದು ಕೈಚಳಕ. ಅರ್ಥವೇ ಕಳೆದುಹೋಗುವುದಾದರೆ ಆ ಸಾಮಗ್ರಿ ಕೃತಿಗೆ ಅನಿವಾರ್ಯವಾಗಿತ್ತು ಎಂದು ತಿಳಿಯಬೇಕು.

ಕಾಸರಗೋಡಿನ ಕಡೆಯ ನಮಗೆ ಟ್ಯೂಬಿನ ಬಣ್ಣವಿಲ್ಲದ ಚಿತ್ರ ಹೊಸದೇನಲ್ಲ. ನಾಗಾರಾಧನೆಯ ಮಂಡಲದಲ್ಲಿ, ಭಗವತಿಯ ಕಳಂನಲ್ಲಿ ಐದು ಬಣ್ಣದ ಹುಡಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಇಳಿಸಿ ನೆಲದ ಮೇಲೆ ಚಿತ್ರ ಬರೆಯುತ್ತಾರೆ. ಕಳಂನ ಬಿಳಿಗೆ ಅಕ್ಕಿಹುಡಿ, ಹಳದಿಗೆ ಅರಸಿನ, ಕಪ್ಪಿಗೆ ಸುಟ್ಟು ಕರಿಮಾಡಿದ ಭತ್ತದ ಉಮಿ, ಹಸಿರಿಗೆ ಒಣಗಿಸಿ ಪುಡಿಮಾಡಿದ ಎಲೆ. ಕೆಂಪಿನ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅರಸಿನಕ್ಕೆ ಸುಣ್ಣ ಬೆರೆಸಿದೊಡನೆ ಹಳದಿ ಹೋಗಿ ಕೆಂಪು ಬರುತ್ತದೆ; ಆರತಿಗೆ ಕುರ್ದಿ ನೀರು ಮಾಡುವ ಮನೆಗಳಲ್ಲಿ ಇದನ್ನು ಮಕ್ಕಳೂ ಬಲ್ಲರು. ಅರಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಕ್ಷಾರದ ಸಂಪರ್ಕದಲ್ಲಿ ಬಣ್ಣ ಬದಲಿಸುವುದು ಇದಕ್ಕೆ ಕಾರಣ, ಮತ್ತು ಅದಕ್ಕೆ ಲಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ತೆಯ್ಯಂನ ಮುಖದ ಬರವಣಿಗೆಗೆ ಬಳಸುವ ಮನಯೋಲ ಎಂಬ ಹಳದಿ ಮತ್ತು ಚಾಯಿಲ್ಯ ಎಂಬ ಕೆಂಪು, ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿ ಮತ್ತು ಸುಣ್ಣದ ಹಿಟ್ಟಿನಿಂದ ಮುಖದ ಮೇಲೆ ಚುಕ್ಕೆಗಳಾಗಿ ಇಡುವ ಚಿಟ್ಟಿ ಕೂಡ ಇದೇ ಸಾಲಿಗೆ ಸೇರುತ್ತವೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂದು ಬರೆದು ಮುಗಿಸುವ ಉತ್ತರಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಕಳಂ ಬರೆಯುವವರಿಗೆ ಐದು ಬಣ್ಣವನ್ನು ಸಂಪ್ರದಾಯ ಕೊಟ್ಟಿರುತ್ತದೆ. ಆರನೆಯದನ್ನು ಸೇರಿಸುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಸಮಕಾಲೀನ ಕಲಾವಿದರಾದರೋ ಲೋಕದಲ್ಲಿರುವ ಎಲ್ಲ ವಸ್ತುಗಳ ನಡುವಿನಿಂದ ಒಂದನ್ನು ಆರಿಸಿಕೊಳ್ಳುತ್ತಾರೆ, ಮತ್ತು ಆ ಆಯ್ಕೆಗೆ ತಾವೇ ಉತ್ತರ ಹೇಳಬೇಕಾಗುತ್ತದೆ.

ಆಯ್ಕೆಯ ಹೊಣೆಯನ್ನು ಪೂರ್ತಿಯಾಗಿ ಹೊತ್ತವರಿಗೆ ಉದಾಹರಣೆಯಾಗಿ ನಾನು ಮೊದಲು ಶೀಲಾ ಗೌಡ ಅವರನ್ನು ಹೆಸರಿಸುತ್ತೇನೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಇವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತದ್ದು ಚಿತ್ರಕಲೆಯನ್ನೇ. 1990ರ ದಶಕದ ಆರಂಭದಲ್ಲಿ, ಬಾಬರಿ ಮಸೀದಿಯ ಧ್ವಂಸ ಮತ್ತು ಅದರ ಬೆನ್ನಿಗೆ ಬಂದ ಗಲಭೆಗಳ ದಿನಗಳಲ್ಲಿ, ಇವರ ಕೆಲಸದೊಳಗೆ ಸೆಗಣಿ ಬಂತು. ನೆಲ ಸಾರಿಸುವ, ಬೆರಣಿ ತಟ್ಟುವ, ಪೂಜೆಗೆ ಬಳಸುವ ಈ ವಸ್ತು ಹೆಣ್ಣುಮಕ್ಕಳ ದಿನನಿತ್ಯದ ದುಡಿಮೆಯನ್ನೂ ಹಸುವಿನ ಸುತ್ತ ಬೆಳೆದ ರಾಜಕಾರಣವನ್ನೂ ಒಟ್ಟಿಗೇ ಹೊತ್ತಿದೆ. ಕಂದು ಬಣ್ಣವನ್ನು ಟ್ಯೂಬಿನಿಂದ ಹಿಂಡಿದ್ದರೆ ಎರಡರಲ್ಲಿ ಒಂದೂ ಬರುತ್ತಿರಲಿಲ್ಲ.

ಅದೇ ದಶಕದ ಕೊನೆಗೆ ರೂಪುಗೊಂಡ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿಯನ್ನು ಫೋಟೋದಲ್ಲಿ ನೋಡುವವರಿಗೆ ಗೋಡೆಯಿಂದ ನೆಲಕ್ಕೆ ಇಳಿದು ಸುರುಳಿ ಸುತ್ತಿಕೊಂಡ ಕೆಂಪು ಹಗ್ಗ ಮಾತ್ರ ಕಾಣುತ್ತದೆ. ಅದನ್ನು ಮಾಡಿದ ಬಗೆ ಹೀಗೆ: ನೂರು ಮೀಟರಿಗೂ ಮಿಕ್ಕ ಉದ್ದದ ದಾರವನ್ನು ಒಂದು ಸೂಜಿಯ ಕಣ್ಣಿನೊಳಗೆ ಪೋಣಿಸಿ, ಸೂಜಿ ದಾರದ ನಡುಮಧ್ಯಕ್ಕೆ ಬರುವ ತನಕ ಎಳೆಯುತ್ತಾ ಹೋಗಬೇಕು. ಅನಂತರ ಇನ್ನೊಂದು ಸೂಜಿ, ಇನ್ನೊಂದು ದಾರ. ಹೀಗೆ ಸಿದ್ಧವಾದ ಹತ್ತಾರು ಎಳೆಗಳನ್ನು ಒಟ್ಟಿಗೆ ಸೇರಿಸಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಉದ್ದಕ್ಕೂ ಬಳಿದಾಗ ಹಗ್ಗವಾಗುತ್ತದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಉಳಿಯುತ್ತವೆ. ದೂರದಿಂದ ಕರುಳು, ರಕ್ತ, ಹೊಕ್ಕುಳಬಳ್ಳಿ ಎಂದೆಲ್ಲ ಕಾಣುವ ಈ ಆಕೃತಿಯ ಹತ್ತಿರ ಹೋದವರಿಗೆ ಹೊಲಿಗೆಯ ಸೂಜಿಯೂ ಹಣೆಯ ಕುಂಕುಮವೂ ಕಾಣುತ್ತವೆ. ನೋವಿನ ಮಾತು ಶೀರ್ಷಿಕೆಯಲ್ಲಿದೆ ನಿಜ, ಆದರೆ ಅದನ್ನು ನಂಬುವಂತೆ ಮಾಡುವುದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದ ಆ ಕೈಗೆಲಸ.

ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಪ್ರದರ್ಶಿತವಾದ 'ಬಿಹೋಲ್ಡ್' ಇದರ ಮುಂದಿನ ಹೆಜ್ಜೆ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ಗಿಡ್ಡ ಕೂದಲಿನಿಂದ ಹೊಸೆದ ಹಗ್ಗವನ್ನು ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕಟ್ಟುವ ರೂಢಿ ಬೆಂಗಳೂರಿನ ರಸ್ತೆಗಳಲ್ಲಿದೆ. ಶೀಲಾ ಗೌಡ ಅಂಥ ಸುಮಾರು 4,000 ಮೀಟರ್ ಕೂದಲಿನ ಹಗ್ಗದಿಂದ 20 ಕಾರಿನ ಬಂಪರುಗಳನ್ನು ತೂಗುಹಾಕಿದರು. ರಸ್ತೆಯಲ್ಲಿ ಕಾರಿನ ಬಂಪರು ಹಗ್ಗವನ್ನು ಹೊತ್ತಿರುತ್ತದೆ, ಇಲ್ಲಿ ಹಗ್ಗವೇ ಬಂಪರಿನ ಭಾರವನ್ನು ಹೊತ್ತಿದೆ.

ಕೇರಳದೊಳಗಿನ ಉದಾಹರಣೆ ಬೇಕೆನ್ನುವವರು 2012ರ ಡಿಸೆಂಬರ್ 12ರಂದು ಆರಂಭವಾದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಯನ್ನು ಗಮನಿಸಬಹುದು. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನ ಆವರಣದಲ್ಲಿ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಜೊತೆಯಾಗಿ ಬೆಂಗಳೂರಿನಿಂದ ತಂದ 170 ಕಡೆಯುವ ಕಲ್ಲುಗಳನ್ನು ಇರಿಸಿದ್ದರು. ಕೃತಿಯ ಹೆಸರು 'ಸ್ಟಾಪ್‌ಓವರ್'. ಹಳೆಯ ಮನೆ ಕೆಡವಿದಾಗ, ಮಿಕ್ಸಿ ಬಂದಾಗ ಬೇಡವಾದ ಈ ಕಲ್ಲುಗಳನ್ನು ಒಡೆಯಲು ಮನಸ್ಸು ಬಾರದೆ ಜನ ಬೀದಿಯ ಬದಿಯಲ್ಲಿ ಬಿಟ್ಟು ಹೋಗುತ್ತಾರೆ. ಅದೇ ಬಿನಾಲೆಯಲ್ಲಿ ವಿವಾನ್ ಸುಂದರಂ 'ಬ್ಲ್ಯಾಕ್ ಗೋಲ್ಡ್' ಎಂಬ ಕೃತಿಗಾಗಿ ಪ್ರಾಚೀನ ಮುಜಿರಿಸ್ ಬಂದರು ಇದ್ದಿತೆಂದು ನಂಬಲಾದ ಪಟ್ಟಣಂ ಎಂಬಲ್ಲಿನ ಉತ್ಖನನದಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ಮತ್ತು ಕರಿಮೆಣಸನ್ನು ಬಳಸಿದರು. ಕರಿಮೆಣಸಿನ ಧಾರಣೆಯನ್ನು ದಿನವೂ ವಿಚಾರಿಸುವ ನಮ್ಮ ಊರುಗಳ ಓದುಗರಿಗೆ ಈ ಕೃತಿಯ ಹಿನ್ನೆಲೆಯನ್ನು ವಿವರಿಸುವ ಅಗತ್ಯ ಅಷ್ಟಾಗಿ ಬೀಳದು.

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 1961ರಲ್ಲಿ ಹುಟ್ಟಿದ ವಿಕ್ ಮುನೀಜ್ ಅವರ ವಿಧಾನ ಬೇರೆ. ಇವರು ವಿಚಿತ್ರವಾದ ವಸ್ತುವಿನಿಂದ ಚಿತ್ರ ಮಾಡಿ, ಅದರ ಫೋಟೋ ತೆಗೆದು, ಚಿತ್ರವನ್ನು ಅಳಿಸಿಬಿಡುತ್ತಾರೆ; ಉಳಿಯುವುದು ಮತ್ತು ಕೃತಿ ಎನಿಸಿಕೊಳ್ಳುವುದು ಫೋಟೋ. 1996ರ 'ಶುಗರ್ ಚಿಲ್ಡ್ರನ್' ಸರಣಿಗೆ ಮೂಲ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದ ಕಬ್ಬಿನ ತೋಟಗಳ ಕೂಲಿಕಾರರ ಮಕ್ಕಳು. ಆ ಮಕ್ಕಳ ಫೋಟೋಗಳನ್ನು ಮುಂದಿಟ್ಟುಕೊಂಡು ಕಪ್ಪು ಕಾಗದದ ಮೇಲೆ ಬಿಳಿ ಸಕ್ಕರೆ ಚೆಲ್ಲಿ ಮುಖಗಳನ್ನು ಮೂಡಿಸಿದರು. ಸಕ್ಕರೆ ದಟ್ಟವಾದಲ್ಲಿ ಬೆಳಕು, ವಿರಳವಾದಲ್ಲಿ ನೆರಳು. ಇದ್ದಿಲಿನ ರೇಖಾಚಿತ್ರದ ಕ್ರಮವನ್ನೇ ತಿರುಗಿಸಿದ ಹಾಗೆ. ಆ ಮಕ್ಕಳ ಬಾಲ್ಯವನ್ನು ತಿಂದುಹಾಕುವ ಬೆಳೆಯೇ ಅವರ ನಗುವಿನ ಬಿಳುಪಾಗಿ ಕಾಣುವಾಗ ಸಾಮಗ್ರಿಯ ಬಗ್ಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

2008ರ 'ಪಿಕ್ಚರ್ಸ್ ಆಫ್ ಗಾರ್ಬೇಜ್' ಸರಣಿಯನ್ನು ಮುನೀಜ್ ಮಾಡಿದ್ದು ರಿಯೊ ಡಿ ಜನೈರೊ ಬಳಿಯ ಜಾರ್ದಿಂ ಗ್ರಮಾಶೊ ಎಂಬ ಬೃಹತ್ ಕಸದ ಗುಡ್ಡದಲ್ಲಿ ಮರುಬಳಕೆಯ ವಸ್ತು ಹೆಕ್ಕಿ ಬದುಕುತ್ತಿದ್ದವರ ಜೊತೆಗೆ. ಅವರ ಭಾವಚಿತ್ರವನ್ನು ದೊಡ್ಡ ಶೆಡ್ಡಿನ ನೆಲದ ಮೇಲೆ ಪ್ರೊಜೆಕ್ಟರಿನಿಂದ ಬೀಳಿಸಿ, ಗೆರೆಗಳಿಗೆ ಸರಿಯಾಗಿ ಟಯರು, ಬಾಟಲಿ, ಚಪ್ಪಲಿ, ಮುಚ್ಚಳಗಳನ್ನು ಅವರ ಕೈಯಿಂದಲೇ ಜೋಡಿಸಿ, ಎತ್ತರದ ಅಟ್ಟಣಿಗೆಯಿಂದ ಫೋಟೋ ತೆಗೆಯಲಾಯಿತು. ಕಸ ಹೆಕ್ಕುವವರ ಸಂಘದ ನಾಯಕ ತಿಯಾವೊ ಸಾಂತೋಸ್ ಎಸೆದ ಬಾತ್‌ಟಬ್ ಒಂದರಲ್ಲಿ ಒರಗಿ, ಜಾಕ್ ಲೂಯಿ ಡೇವಿಡ್ 1793ರಲ್ಲಿ ಬರೆದ, ಫ್ರೆಂಚ್ ಕ್ರಾಂತಿಯ ನಾಯಕ ಮಾರಾ ಸ್ನಾನದ ತೊಟ್ಟಿಯಲ್ಲಿ ಕೊಲೆಯಾಗಿ ಒರಗಿರುವ ಚಿತ್ರದ ಭಂಗಿಯಲ್ಲಿ ಕಾಣಿಸಿಕೊಂಡಿದ್ದಾರೆ. ಆ ಚಿತ್ರ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಗಿ ಹಣ ಸಂಘಕ್ಕೆ ಸೇರಿತು; 2012ರಲ್ಲಿ ಆ ಕಸದ ಗುಡ್ಡವನ್ನೇ ಮುಚ್ಚಲಾಯಿತು. ಇದೇ ಮುನೀಜ್ 1999ರಲ್ಲಿ ಕಡಲೆಕಾಯಿ ಬೆಣ್ಣೆ ಮತ್ತು ಜೆಲ್ಲಿಯಿಂದ ಜೋಡಿ ಮೋನಾಲಿಸಾ ಬರೆದರು. ಅದನ್ನು ನೋಡಿ ನಗು ಬರುತ್ತದೆ, ಮತ್ತೆ ನೋಡಬೇಕೆನಿಸುವುದಿಲ್ಲ. ಮೇಲೆ ಹೇಳಿದ ಪ್ರಶ್ನೆಯನ್ನು ಇದಕ್ಕೆ ಹಾಕಿದರೆ ಕಳೆದುಹೋಗುವುದು ತಮಾಷೆ ಮಾತ್ರ, ಆದ್ದರಿಂದ ಒಬ್ಬನೇ ಕಲಾವಿದನ ಎರಡು ಕೃತಿಗಳು ಒಂದೇ ತೂಕದವಾಗಬೇಕೆಂದಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಭಾರತದ ಇನ್ನಿಬ್ಬರನ್ನು ಸಂಕ್ಷೇಪವಾಗಿ ನೆನೆದರೆ ಸಾಕು. ಬಿಹಾರದ ಸುಬೋಧ್ ಗುಪ್ತ ಸ್ಟೀಲ್ ಪಾತ್ರೆಗಳನ್ನು ಒಟ್ಟಿ 2008ರ 'ಲೈನ್ ಆಫ್ ಕಂಟ್ರೋಲ್' ಕೃತಿಯಲ್ಲಿ ಅಣುಬಾಂಬಿನ ಅಣಬೆ ಮೋಡವನ್ನು ಎಬ್ಬಿಸಿದರು. ಅಡುಗೆಮನೆಯ ಹೊಳಪಿಗೂ ಯುದ್ಧದ ಹೊಳಪಿಗೂ ಅಲ್ಲಿ ಅಂತರವಿಲ್ಲ. ಭಾರತಿ ಖೇರ್ 2006ರಲ್ಲಿ ಫೈಬರ್‌ಗ್ಲಾಸಿನ ಆನೆಯೊಂದರ ಮೈತುಂಬ ಬಿಂದಿಗಳನ್ನು ಅಂಟಿಸಿದರು. ಬ್ರಿಟನ್ನಿನ ಮಾರ್ಕ್ ಕ್ವಿನ್ 1991ರ 'ಸೆಲ್ಫ್' ಎಂಬ ತನ್ನ ತಲೆಯ ಪ್ರತಿಮೆಯನ್ನು ಸುಮಾರು ನಾಲ್ಕೂವರೆ ಲೀಟರ್ ಸ್ವಂತ ರಕ್ತವನ್ನು ಹೆಪ್ಪುಗಟ್ಟಿಸಿ ಎರಕ ಹೊಯ್ದರು, ಆದ್ದರಿಂದ ಫ್ರೀಜರಿನ ಕರೆಂಟು ಹೋದರೆ ಕೃತಿಯೂ ಹೋಗುತ್ತದೆ.

ಕುಂಬಳೆ ದೇವಸ್ಥಾನದ ಉತ್ಸವದಲ್ಲಿ ಸಿಡಿಸುವ ಬೆಡಿಯ ರಾತ್ರಿ ಆಕಾಶ ನೋಡಿದವರಿಗೆ ಸಿಡಿಮದ್ದಿನ ಸೊಗಸು ಗೊತ್ತು, ಆದರೆ ಚೀನಾದ ಕ್ವಾನ್‌ಜೋ ನಗರದಲ್ಲಿ 1957ರಲ್ಲಿ ಹುಟ್ಟಿದ ಸಾಯ್ ಗುವೊ-ಚಿಯಾಂಗ್ ಅವರಿಗೆ ಸಿಡಿದ ಮೇಲೆ ಉಳಿಯುವ ಗುರುತೂ ಬೇಕು. ನೆಲದ ಮೇಲೆ ಕಾಗದ ಅಥವಾ ಕ್ಯಾನ್ವಾಸು ಹಾಸಿ, ರಟ್ಟನ್ನು ಕತ್ತರಿಸಿ ಮಾಡಿದ ಆಕೃತಿಗಳನ್ನು ಇಟ್ಟು, ಮದ್ದಿನ ಪುಡಿ ಉದುರಿಸಿ, ಮೇಲೆ ರಟ್ಟು ಮುಚ್ಚಿ ಕಲ್ಲು ಹೇರಿ ಬತ್ತಿಗೆ ಬೆಂಕಿ ಕೊಡುತ್ತಾರೆ. ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಸಹಾಯಕರು ಓಡಿ ಬಂದು ಬಟ್ಟೆಯಿಂದ ಬಡಿದು ಕಿಡಿ ಆರಿಸುತ್ತಾರೆ. ಭಾರ ಎಲ್ಲಿ ಹೇರಬೇಕು, ಪುಡಿ ಎಷ್ಟಿರಬೇಕು ಎಂಬುದು ಕಲಾವಿದರ ಹಿಡಿತದಲ್ಲಿದೆ, ಆದರೆ ಸುಟ್ಟ ಕಲೆ ಹರಡುವ ಅಂಚು ಬೆಂಕಿಯ ಇಚ್ಛೆಗೆ ಬಿಟ್ಟದ್ದು. 2015ರ ಜೂನ್‌ನಲ್ಲಿ ತಮ್ಮ ಹುಟ್ಟೂರಿನ ಸಮೀಪದ ಹುಯಿಯು ದ್ವೀಪದಲ್ಲಿ ಇವರು ಬಲೂನಿಗೆ ಕಟ್ಟಿದ 500 ಮೀಟರ್ ಎತ್ತರದ ಏಣಿಗೆ ಬೆಂಕಿ ಹತ್ತಿಸಿದ 'ಸ್ಕೈ ಲ್ಯಾಡರ್' ಮಾತ್ರ ಗುರುತು ಉಳಿಸದ ಕೃತಿ. ಇದಕ್ಕೆ ತೀರ ವಿರುದ್ಧವಾದ ಸಾವಧಾನ ಜರ್ಮನಿಯ ವೋಲ್ಫ್‌ಗಾಂಗ್ ಲೈಬ್ ಅವರದು: ವೈದ್ಯಶಿಕ್ಷಣ ಪಡೆದ ಈ ಕಲಾವಿದರು ತಮ್ಮ ಹಳ್ಳಿಯ ಸುತ್ತಲಿನ ಗಿಡಮರಗಳಿಂದ ವರ್ಷವರ್ಷವೂ ಪರಾಗವನ್ನು ಕೈಯಿಂದ ಸಂಗ್ರಹಿಸಿ, ಜರಡಿ ಹಿಡಿದು ನೆಲದ ಮೇಲೆ ಹಳದಿಯ ಚೌಕ ಹಾಸುತ್ತಾರೆ. ಪ್ರದರ್ಶನ ಮುಗಿದ ಮೇಲೆ ಪರಾಗ ಮತ್ತೆ ಜಾಡಿಗೆ ಹೋಗುತ್ತದೆ.

ಕೃತಿಯ ಆಕಾರ ಸ್ಥಿರವಾಗಿರಲೇಬೇಕೇ ಎಂಬ ಪ್ರಶ್ನೆಗೆ ಘಾನಾದಲ್ಲಿ 1944ರಲ್ಲಿ ಹುಟ್ಟಿ ನೈಜೀರಿಯಾದ ಎನ್‌ಸುಕ್ಕಾದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಎಲ್ ಅನಾಟ್ಸುಯಿ ಬೇರೆಯೇ ಉತ್ತರ ಕೊಟ್ಟಿದ್ದಾರೆ. ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಮತ್ತು ಕೊರಳಪಟ್ಟಿಗಳನ್ನು ಚಪ್ಪಟೆ ಮಾಡಿ, ಮಡಚಿ, ತೂತು ಕೊರೆದು, ತಾಮ್ರದ ತಂತಿಯಿಂದ ಹೆಣೆದು ಗೋಡೆ ತುಂಬುವ ಹೊದಿಕೆಗಳನ್ನು ಸಹಾಯಕರ ಗುಂಪಿನೊಂದಿಗೆ ಸಿದ್ಧಪಡಿಸುತ್ತಾರೆ. ಯುರೋಪಿನ ಮದ್ಯ ಆಫ್ರಿಕಾಕ್ಕೆ ಬಂದದ್ದು ಗುಲಾಮರ ವ್ಯಾಪಾರದ ದಾರಿಯಲ್ಲಿ ಎಂಬ ಚರಿತ್ರೆ ಆ ಮುಚ್ಚಳಗಳೊಳಗಿದೆ. 2015ರಲ್ಲಿ ವೆನಿಸ್ ಬಿನಾಲೆ ಇವರಿಗೆ ಜೀವಮಾನದ ಸಾಧನೆಗಾಗಿ ಗೋಲ್ಡನ್ ಲಯನ್ ನೀಡಿತು. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲಿನಲ್ಲಿ 'ಬಿಹೈಂಡ್ ದ ರೆಡ್ ಮೂನ್' ತೂಗಿತು. ಹೊದಿಕೆಯನ್ನು ಮಡಚಿ ಕಳುಹಿಸುವ ಅನಾಟ್ಸುಯಿ ಅದರ ನೆರಿಗೆಗಳನ್ನು ಹೇಗೆ ಬೀಳಿಸಬೇಕೆಂಬುದನ್ನು ಹೆಚ್ಚಾಗಿ ತೂಗುಹಾಕುವವರಿಗೇ ಬಿಡುತ್ತಾರೆ, ಹಾಗಾಗಿ ಒಂದೇ ಕೃತಿಯ ಎರಡು ಫೋಟೋಗಳು ಎರಡು ಕೃತಿಗಳಂತೆ ಕಾಣುವುದುಂಟು. ಇವರ ಕೃತಿಯ ಚಿತ್ರವನ್ನು ನೋಟ್ಸಿನಲ್ಲಿ ಅಂಟಿಸುವವರು ಅದು ಯಾವ ಸಂಗ್ರಹಾಲಯದಲ್ಲಿ, ಯಾವ ವರ್ಷ ತೂಗಿದ್ದೆಂಬುದನ್ನು ಸಾಮಗ್ರಿಯ ಸಾಲಿನ ಕೆಳಗೇ ಬರೆದುಕೊಳ್ಳಬೇಕು.