ಮ್ಯಾಕ್ರೋಫೇಜಿನ ಪುಟ್ಟ ಒಲೆ

ಯಾರಿಗೆ ಕೆಮ್ಮು ಬಂದರೂ ಈಗ ಒಂದೇ ಸಲಹೆ: "ಡಿ ವಿಟಮಿನ್ ಕಮ್ಮಿ ಇರ್ಬೇಕು. ವಾರಕ್ಕೊಂದು 60,000 ಯೂನಿಟ್ ಸ್ಯಾಚೆ ತಗೊಳ್ಳಿ, ಬೆಳಿಗ್ಗೆ ಎಳೆಬಿಸಿಲಲ್ಲಿ ನಿಂತ್ಕೊಳ್ಳಿ." ಎಳೆಬಿಸಿಲು ಹಿತವೇನೋ ಹೌದು. ಆದರೆ ಚರ್ಮದಲ್ಲಿ ಡಿ ವಿಟಮಿನ್ ಮಾಡಿಸುವ ಯುವಿ-ಬಿ ಕಿರಣ ಅದರಲ್ಲಿ ತೀರಾ ಕಡಿಮೆ. ಅದು ಜಾಸ್ತಿ ಸಿಗುವುದು ನಾವು ನೆರಳು ಹುಡುಕುವ ನಡುಮಧ್ಯಾಹ್ನ.

ಬಿಸಿಲು, ಡಿ ವಿಟಮಿನ್, ಕ್ಷಯ (ಟಿ.ಬಿ.), ಈ ಮೂರನ್ನು ಬೆಸೆದ ಗೊಂದಲ ಇವತ್ತಿನದಲ್ಲ. ಡೆನ್ಮಾರ್ಕ್‌ನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೆಟ್ಟದೂರು ಲೇಸಾನ್‌ನಲ್ಲಿ ಆಗಸ್ಟ್ ರೋಲಿಯೇ ಕ್ಷಯರೋಗಿಗಳಿಗೆ ಬಿಸಿಲು ಕಾಯಿಸುವ ಚಿಕಿತ್ಸಾಲಯ ತೆರೆದರು. ಡಿ ವಿಟಮಿನ್ ಪತ್ತೆಯಾದ ಮೇಲೆ, ಇದೆಲ್ಲ ಅದರದೇ ಮಹಿಮೆ ಎಂದು ಅನೇಕರು ನಂಬಿದರು. ತಮಾಷೆ ನೋಡಿ, ಫಿನ್ಸೆನ್ ಅವರ ಮಸೂರಗಳನ್ನು 2005ರ ಹೊತ್ತಿಗೆ ಪರೀಕ್ಷಿಸಿದಾಗ, ಅವು 340 ನ್ಯಾನೋಮೀಟರ್‌ಗಿಂತ ಕಿರಿದಾದ ಅಲೆಗಳನ್ನು ಹಾಯಲು ಬಿಡುವುದೇ ಇಲ್ಲ ಎಂದು ತಿಳಿಯಿತು. ಡಿ ವಿಟಮಿನ್‌ಗೆ 315ಕ್ಕಿಂತ ಕಿರಿದಾದ ಅಲೆ ಬೇಕು! ಅಂದರೆ ಆ ಗುಣಕ್ಕೆ ಕಾರಣ ಬೇರೆಯೇ.

ಹಾಗಂತ ಡಿ ವಿಟಮಿನ್‌ಗೂ ಕ್ಷಯಕ್ಕೂ ನಂಟೇ ಇಲ್ಲ ಅನ್ನಬೇಡಿ. ನನಗೆ ಬಲು ಇಷ್ಟವಾದ ಭಾಗ ಇಲ್ಲಿದೆ. ಚರ್ಮದಲ್ಲಿ ಹುಟ್ಟುವ ಡಿ ವಿಟಮಿನ್ ಭತ್ತ ಇದ್ದಂತೆ. ಲಿವರ್ ಅದನ್ನು ಅಕ್ಕಿ ಮಾಡುತ್ತದೆ. ಲ್ಯಾಬಿನವರು ರಕ್ತದಲ್ಲಿ ಅಳೆಯುವುದು ಈ ಅಕ್ಕಿಯನ್ನೇ. ಕಿಡ್ನಿ ಅದನ್ನು ಅನ್ನ ಮಾಡಿ ಊರಿಗೆಲ್ಲ ಬಡಿಸುತ್ತದೆ. ಆದರೆ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಜೀವಕೋಶದ ಹತ್ತಿರ ಸ್ವಂತ ಒಲೆಯೇ ಇದೆ. ಕ್ಷಯದ ಬ್ಯಾಕ್ಟೀರಿಯಾದ ವಾಸನೆ ಬಡಿದ ಕೂಡಲೇ ಅದು ಒಲೆ ಹಚ್ಚುತ್ತದೆ, ರಕ್ತದಿಂದ ಅಕ್ಕಿ ಎಳೆದುಕೊಂಡು ತನಗೆ ಬೇಕಾದಷ್ಟು ಬೇಯಿಸಿಕೊಳ್ಳುತ್ತದೆ. ಆ ಅನ್ನ ಉಂಡ ಬಲದಲ್ಲೇ ಕ್ಯಾಥೆಲಿಸಿಡಿನ್ ಎಂಬ ಅಸ್ತ್ರ ತಯಾರಾಗುವುದು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಲಾಸ್ ಏಂಜಲೀಸ್‌ನ ವಿಜ್ಞಾನಿಗಳು 2006ರಲ್ಲಿ ಇದನ್ನು ತೋರಿಸಿದರು. ಡಿ ವಿಟಮಿನ್ ಕಡಿಮೆ ಇದ್ದವರ ರಕ್ತದ ಸೀರಂನಲ್ಲಿ ಇಟ್ಟ ಜೀವಕೋಶಗಳು ಒಲೆ ಹಚ್ಚಿಯೂ ಉಪವಾಸ ಬಿದ್ದವು. ಅಕ್ಕಿ ಸುರಿದಾಗ ಕೆಲಸ ಶುರು. ಇಲಿಗಳಲ್ಲಿ ಈ ಏರ್ಪಾಡು ಇಲ್ಲ. ಹಾಗಾಗಿ ಇಲಿಗಳನ್ನೇ ನೋಡುತ್ತ ಕೂತಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ!

ಸರಿ, ಹಾಗಾದರೆ ಎಲ್ಲರಿಗೂ ಡಿ ವಿಟಮಿನ್ ಕೊಟ್ಟರಾಯಿತು, ಅಲ್ವಾ? ಮಂಗೋಲಿಯಾದಲ್ಲಿ ಅದನ್ನೇ ಮಾಡಿದರು. 8,851 ಶಾಲಾ ಮಕ್ಕಳು, ಹೆಚ್ಚುಕಡಿಮೆ ಎಲ್ಲರಲ್ಲೂ ಡಿ ವಿಟಮಿನ್ ಕೊರತೆ. ಅರ್ಧ ಮಕ್ಕಳಿಗೆ ಮೂರು ವರ್ಷ, ವಾರಕ್ಕೆ 14,000 ಯೂನಿಟ್. ರಕ್ತದ ಮಟ್ಟವೇನೋ ಏರಿತು. ಆದರೆ 2020ರಲ್ಲಿ ಬಂದ ಫಲಿತಾಂಶದಲ್ಲಿ, ಕ್ಷಯದ ಸೋಂಕು ತಗುಲಿದ ಪ್ರಮಾಣ ಕೊಟ್ಟವರಲ್ಲೂ ಕೊಡದವರಲ್ಲೂ ಹೆಚ್ಚುಕಡಿಮೆ ಒಂದೇ. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮಕ್ಕಳ ಎದೆಯಲ್ಲಿ ಗೆಲ್ಲಲಿಲ್ಲ.

ಕ್ಷಯರೋಗಿಗಳಲ್ಲಿ ಡಿ ವಿಟಮಿನ್ ಕಡಿಮೆ ಇರುತ್ತದಲ್ಲ ಎನ್ನುತ್ತೀರಿ. ಇರುತ್ತದೆ. ತಿಂಗಳುಗಟ್ಟಲೆ ಹಸಿವಿಲ್ಲದೆ ಮನೆಯೊಳಗೆ ಮಲಗಿದವರಲ್ಲಿ ಇನ್ನೇನಾಗಬೇಕು?

ಇನ್ನೊಂದು ವಿಷಯ. ಕಿಡ್ನಿಯ ಒಲೆಗೆ ಉರಿ ತಗ್ಗಿಸುವ ಏರ್ಪಾಡು ಇದೆ, ಅನ್ನ ಹೆಚ್ಚಾಗಿ ರಕ್ತದಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಏರಿದರೆ ಅದು ತಾನೇ ಸಣ್ಣಗಾಗುತ್ತದೆ. ಮ್ಯಾಕ್ರೋಫೇಜಿನ ಒಲೆ ಆ ಮಾತು ಕೇಳುವುದಿಲ್ಲ. ಅದಕ್ಕೇ ಕೆಲವು ಕ್ಷಯರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ತಾನಾಗಿಯೇ ಏರುತ್ತದೆ: ವಾಂತಿ, ಮಂಪರು, ಬಿಡದ ಬಾಯಾರಿಕೆ. ಅಂಥವರಿಗೆ ಪಕ್ಕದ ಮನೆಯವರು ಸುಮ್ನೆ ಒಂದು ಸ್ಯಾಚೆ ಕೊಟ್ಟರೆ, ಉರಿಯುವ ಒಲೆಗೆ ಸೌದೆ ತುರುಕಿದಂತೆ.