ಕೊಲೆಗಾರರ ಮೇಲೆ ಅಕ್ಕರೆ ಯಾಕೆ ಹುಟ್ಟುತ್ತದೆ?

ಓದುಗರ ಪ್ರಶ್ನೆ: 'ಗನ್ಸ್ ಅಂಡ್ ಟಾಕ್ಸ್' ಅನ್ನೋ ಕೊರಿಯನ್ ಸಿನಿಮಾ ನೋಡಿದೆ. ದುಡ್ಡು ತಗೊಂಡು ಕೊಲೆ ಮಾಡುವ ನಾಲ್ವರ ಕಥೆ. ಆದರೂ ನಗು ಬಂತು. ಇವರು ಸಿಕ್ಕಿಬೀಳದೇ ಇರಲಿ ಅಂತಲೂ ಅನ್ನಿಸಿತು. ಹೀಗೆ ಅನ್ನಿಸೋದು ತಪ್ಪಲ್ವಾ?

ಉತ್ತರ: ತಪ್ಪೇನಿಲ್ಲ. ಸಿನಿಮಾ ನಿಮ್ಮನ್ನು ಆ ಕಡೆಗೇ ಕರೆದುಕೊಂಡು ಹೋಗುತ್ತದೆ. ಅದರ ಕೊರಿಯನ್ ಹೆಸರಿನಲ್ಲಿ 'ಸುದಾ' ಅನ್ನೋ ಪದ ಇದೆ. ಸುದಾ ಅಂದರೆ ಹರಟೆ. ಪೂರ್ತಿ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ಕೊಲೆಗಾರರ ಹರಟೆ'.

ಇದು ಬಂದದ್ದು 2001ರಲ್ಲಿ. ನಿರ್ದೇಶಕ ಜಾಂಗ್ ಜಿನ್ ನಾಟಕರಂಗದಿಂದ ಬಂದವರು, ಅದಕ್ಕೇ ಇಲ್ಲಿ ಗುಂಡಿಗಿಂತ ಮಾತು ಜಾಸ್ತಿ. ನಾಲ್ವರೂ ಒಂದೇ ಮನೆಯಲ್ಲಿ ಇರುತ್ತಾರೆ. ಟಿವಿಯಲ್ಲಿ ವಾರ್ತೆ ಓದುವ ಆ ಹುಡುಗಿ ಬಂದರೆ ಸಾಕು, ನಾಲ್ವರ ಕಣ್ಣೂ ಅಲ್ಲೇ. ಕೊಲೆಯ ಲೆಕ್ಕಾಚಾರದಲ್ಲಿ ಪಳಗಿದವರು ಮನಸ್ಸಿನ ಮಾತು ಬಂದ ಕೂಡಲೇ ತೊದಲುವ ಹುಡುಗರಾಗಿಬಿಡುತ್ತಾರೆ. ನಾವು ನಗೋದು ಇಲ್ಲಿ.

ಇನ್ನೊಂದು ವಿಷಯ. ದಕ್ಷಿಣ ಕೊರಿಯಾದಲ್ಲಿ ಬಂದೂಕಿನ ಕಾನೂನು ಬಹಳ ಬಿಗಿ. ಬೇಟೆಗೆ ಲೈಸೆನ್ಸ್ ಇದ್ದವರೂ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕು. ಹಾಗಾಗಿ ಸಿಯೋಲ್‌ನಲ್ಲಿ ಗನ್ ಹಿಡಿದು ಓಡಾಡುವ ಬಾಡಿಗೆ ಕೊಲೆಗಾರ ಅಂದರೆ ಅಲ್ಲಿನವರಿಗೆ ಹೆಚ್ಚುಕಮ್ಮಿ ಕಟ್ಟುಕಥೆಯ ಪಾತ್ರ. ನಮಗೆ ಹಾಗಲ್ಲ. 'ಸುಪಾರಿ' ಅನ್ನೋ ಪದವನ್ನು ಪೇಪರಿನಲ್ಲಿ ಓದಿ ಓದಿ ಅಭ್ಯಾಸ ಆಗಿದೆ. ನಿಮಗೆ ಈ ಪ್ರಶ್ನೆ ಬಂದದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಆದರೆ ನನ್ನ ಪ್ರಕಾರ ನಿಜವಾದ ಕಾರಣ ಬೇರೆ. ಸತ್ತವರು ಯಾರು ಅಂತ ಸಿನಿಮಾ ನಮಗೆ ಸರಿಯಾಗಿ ಹೇಳೋದೇ ಇಲ್ಲ. ಅವರ ಮನೆ, ಅವರಿಗಾಗಿ ಕಾಯುವವರು, ಯಾವುದೂ ಕಾಣೋದಿಲ್ಲ. ಕೊಲೆಗಾರರ ಮನೆ ಮಾತ್ರ ಮೂಲೆ ಮೂಲೆಯೂ ಗೊತ್ತು. ಯಾರ ಮನೆ ನೋಡಿದ್ದೇವೋ ಅವರ ಮೇಲೆ ತಾನೇ ಅಕ್ಕರೆ?

ಜಾಂಗ್ ಜಿನ್‌ಗೆ ಇದು ಗೊತ್ತಿತ್ತು ಅಂತ ತೋರಿಸುವ ಒಂದು ಭಾಗವಿದೆ. ಶಿನ್ ಹಾ‌ ಕ್ಯೂನ್ ಮಾಡಿರುವ ಜಂಗ್ ವೂ ಒಬ್ಬ ಹೆಂಗಸನ್ನು ಕೊಲ್ಲಬೇಕು. ಹೋಗಿ ನೋಡಿದರೆ ಅವಳು ಗರ್ಭಿಣಿ. ಅವನ ಕೈ ಏಳೋದಿಲ್ಲ. ಅಲ್ಲಿವರೆಗೆ ಬರೀ 'ಕೆಲಸ' ಆಗಿದ್ದದ್ದಕ್ಕೆ ಈಗ ಒಂದು ಮುಖ ಬಂದಿದೆ, ಹೊಟ್ಟೆಯಲ್ಲೊಂದು ಮಗು ಇದೆ. ಅವಳ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿಬಿಡುತ್ತದೆ. ಆಮೇಲೆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ವಾನ್ ಬಿನ್ ಮಾಡಿರುವ ಪಾತ್ರ, ಪ್ರೀತಿ ಅಂದರೆ ಏನು ಅಂತ ಉದ್ದಕ್ಕೆ ಮಾತಾಡುತ್ತಾನೆ. ಆ ಮಾತು ಕೇಳಲಿಕ್ಕೇ ನಾನು ಈ ಸಿನಿಮಾವನ್ನು ಮತ್ತೆ ನೋಡಿದ್ದೇನೆ.

ಉಳಿದ ಸಾವುಗಳ ಕಡೆ ಮಾತ್ರ ಸಿನಿಮಾ ಹೀಗೆ ತಿರುಗಿ ನೋಡೋದಿಲ್ಲ. ನನಗೆ ಅದೊಂದು ಕೊರತೆ. ನಿಮಗೆ ಕಸಿವಿಸಿ ಆಗಿದ್ದರೆ ಆ ಜಾಗದಲ್ಲೇ ಆಗಿರಬೇಕು.